ಹಕ್ಕಿಗೆ ಹಾಕಿದ ಕಾಳು, ನರಿ ಬರುವ ದಾರಿ: ಬ್ರಿಟನ್ನಿನ ಹಿತ್ತಲಿಗೊಂದು ಮಾರ್ಗದರ್ಶಿ

ಬೆಳಗ್ಗೆ ಎದ್ದು ನರಿ ಮುಖ ನೋಡಿದರೆ ಅದೃಷ್ಟ ಅನ್ನುತ್ತಾರೆ. ಹಾಗಿದ್ದರೆ ಲಂಡನ್, ಬ್ರಿಸ್ಟಲ್‌ನ ಉಪನಗರಗಳಲ್ಲಿ ಮನೆ ಮಾಡಿರುವವರಷ್ಟು ಅದೃಷ್ಟವಂತರು ಬೇರೆ ಯಾರೂ ಇರಲಾರರು. ಅಡುಗೆಮನೆ ಕಿಟಕಿಯ ಪರದೆ ಸರಿಸಿದರೆ ಹುಲ್ಲುಹಾಸಿನ ಮಧ್ಯೆ ಕೂತು ಕಿವಿ ಕೆರೆದುಕೊಳ್ಳುತ್ತಿರುತ್ತದೆ. ಊರ ಕಡೆ ನಾವು ನರಿ ಅನ್ನುವುದು ಹೆಚ್ಚಾಗಿ ಗುಳ್ಳೆನರಿಯನ್ನು, ಅಂದರೆ ಜಾಕಲ್ ಅನ್ನು. ಇಲ್ಲಿ ಹೇಳುತ್ತಿರುವುದು ಬ್ರಿಟನ್ನಿನ ಕೆಂಪು ನರಿಯ ವಿಷಯ. 1930ರ ದಶಕದ ಹೊತ್ತಿಗೆ ಊರಂಚಿನ ಹೊಸ ಬಡಾವಣೆಗಳ ದೊಡ್ಡ ಹಿತ್ತಲುಗಳಿಗೆ ಒಗ್ಗಿಕೊಂಡ ಪ್ರಾಣಿ ಇದು. ನಿಮ್ಮ ಮನೆಯ ಕಾಗದಪತ್ರಕ್ಕಿಂತ ಅದರ ವಂಶದ ಹಕ್ಕು ಹಳೆಯದಾಗಿರುವ ಸಾಧ್ಯತೆಯೇ ಹೆಚ್ಚು.

ಹಕ್ಕಿಗಳಿಗೆ ಕಾಳು ಹಾಕುವವರ ಆತಂಕ ಒಂದೇ: ನರಿ ಬಂದರೆ ಹಕ್ಕಿಗಳ ಗತಿಯೇನು? ಒಂದು ಚಿಕ್ಕ ಲೆಕ್ಕ ಹಾಕಿ ನೋಡಿ. ಬೆಳೆದ ನರಿ 5ರಿಂದ 7 ಕಿಲೋ ತೂಗುತ್ತದೆ, ದಿನಕ್ಕೆ ಹೆಚ್ಚುಕಡಿಮೆ ಅರ್ಧ ಕಿಲೋ ಆಹಾರ ಬೇಕು. ಬ್ಲೂ ಟಿಟ್‌ನ ತೂಕ 11 ಗ್ರಾಂ, ರಾಬಿನ್‌ದು 18ರ ಆಸುಪಾಸು. ಕಣ್ಣು ಮಿಟುಕಿಸುವಷ್ಟರಲ್ಲಿ ಹಾರಿಹೋಗುವ ಇಂಥ ನಲವತ್ತು ತುತ್ತುಗಳ ಹಿಂದೆ ಬೀಳುವುದು ನರಿಗೆ ನಷ್ಟದ ವ್ಯವಹಾರ. ಎರೆಹುಳು, ಇಲಿ, ಉದುರಿದ ಹಣ್ಣು, ಕಸದ ಚೀಲ, ಹಕ್ಕಿಗೆ ಕಾಳು ತುಂಬಿ ತೂಗುಹಾಕುವ ಫೀಡರ್ ಕೆಳಗೆ ಚೆಲ್ಲಿದ ಕಡಲೆಬೀಜ, ಇವೇ ಅದರ ನಿತ್ಯದ ಊಟ. ಇದಕ್ಕೆ ಹೊರತು ಎರಡು. ಒಂದು, ನೆಲದ ಮೇಲೆ ಕಾಳು ಹೆಕ್ಕುತ್ತ ಮೈಮರೆಯುವ ವುಡ್ ಪಿಜನ್. ಅರ್ಧ ಕಿಲೋ ತೂಗುವ ಈ ಪಾರಿವಾಳ ಒಂದೇ ಏಟಿಗೆ ದಿನದ ಊಟ. ಇನ್ನೊಂದು, ಗೂಡಿನಿಂದ ಇಳಿದು ಇನ್ನೂ ಹಾರಲು ಬಾರದ ಮರಿ. ಎರಡೂ ಸಿಗುವುದು ನೆಲದ ಮೇಲೆ. ಹಾಗಾಗಿ ಈ ಲೇಖನದ ಬಹುಪಾಲು ನೆಲದ ಮೇಲೆ ಏನಿದೆ, ಯಾವ ಹೊತ್ತಿನಲ್ಲಿದೆ ಅನ್ನುವುದರ ಸುತ್ತಲೇ ಇದೆ. ಹಕ್ಕಿಗಳ ವಿಚಾರದಲ್ಲಿ ಬೆಕ್ಕಿನ ಮುಂದೆ ನರಿ ಏನೂ ಅಲ್ಲ ಎಂಬುದೂ ನೆನಪಿರಲಿ. ವಸಂತ ಮತ್ತು ಬೇಸಿಗೆಯಲ್ಲಿ ಬ್ರಿಟನ್ನಿನ ಸಾಕುಬೆಕ್ಕುಗಳು ಹಿಡಿಯುವ ಹಕ್ಕಿಗಳೇ ಸುಮಾರು 2.7 ಕೋಟಿ ಎಂಬ ಅಂದಾಜಿದೆ.

ಮೊದಲು ಯಾರು ಬರುತ್ತಾರೆ ನೋಡಿ

ಬೇಲಿ, ಜಾಲರಿ, ಔಷಧಿ ಎಂದು ದುಡ್ಡು ಸುರಿಯುವ ಮೊದಲು ಒಂದು ವಾರ ಸುಮ್ಮನೆ ಗಮನಿಸಿ. ಚಲನೆ ಕಂಡಾಗ ತಾನೇ ಚಿತ್ರ ತೆಗೆಯುವ ಟ್ರೇಲ್ ಕ್ಯಾಮೆರಾ ಇದ್ದರೆ ನೆಲದಿಂದ 40–50 ಸೆಂ.ಮೀ. ಎತ್ತರದಲ್ಲಿ, ಫೀಡರ್‌ನಿಂದ ಮೂರ್ನಾಲ್ಕು ಮೀಟರ್ ದೂರದಲ್ಲಿ, ಉತ್ತರಕ್ಕೆ ಮುಖ ಮಾಡಿ ಕಟ್ಟಿ. ಪೂರ್ವಕ್ಕೋ ಪಶ್ಚಿಮಕ್ಕೋ ತಿರುಗಿಸಿದರೆ ಬೆಳಗು-ಸಂಜೆಯ ಬಿಸಿಲು ನೇರ ಬಡಿದು ನೂರಾರು ಖಾಲಿ ಚಿತ್ರ ತುಂಬುತ್ತವೆ. ಮುಂದೆ ಹುಲ್ಲುಗರಿ ಓಲಾಡುತ್ತಿದ್ದರೂ ಇದೇ ಪಾಡು, ಅಷ್ಟು ಜಾಗ ಕತ್ತರಿಸಿಬಿಡಿ. ಗಡಿಯಾರ ಸರಿಯಿದೆಯೇ ಎಂದು ನೋಡಲು ಮರೆಯಬೇಡಿ, ಏಕೆಂದರೆ ನಿಮಗೆ ಬೇಕಿರುವುದು ಚಿತ್ರಕ್ಕಿಂತ ಹೆಚ್ಚಾಗಿ ಹೊತ್ತು.

ಕ್ಯಾಮೆರಾ ಇಲ್ಲದಿದ್ದರೆ ಬೇಲಿಯ ಸಂದಿಯಲ್ಲಿ ತೇವದ ಮರಳನ್ನು ಒಂದು ಸೆಂ.ಮೀ. ದಪ್ಪ ಹರಡಿ. ನರಿಯ ಹೆಜ್ಜೆ ಸುಮಾರು 5 ಸೆಂ.ಮೀ. ಉದ್ದ, ಅಗಲ ಅದಕ್ಕಿಂತ ಕಡಿಮೆ, ನಾಲ್ಕು ಬೆರಳು, ಉಗುರಿನ ಗುರುತು ಸ್ಪಷ್ಟ. ಬೆಕ್ಕಿನ ಹೆಜ್ಜೆ ದುಂಡಗೆ, ಉಗುರು ಕಾಣುವುದಿಲ್ಲ. ನಾಯಿಯದು ಅಗಲ. ಹಿಕ್ಕೆ ತುದಿಯಲ್ಲಿ ಚೂಪಾಗಿ ಹುರಿ ತಿರುವಿದಂತಿದ್ದು ಒಳಗೆ ಪುಕ್ಕ, ಕೂದಲು, ಹಣ್ಣಿನ ಬೀಜ ಕಂಡರೆ ಅದು ನರಿಯದೇ. ಸಾಮಾನ್ಯವಾಗಿ ಅದನ್ನು ಎತ್ತರದ ಜಾಗದಲ್ಲಿ, ಕಲ್ಲಿನ ಮೇಲೆ, ಕೆಲವೊಮ್ಮೆ ನಿಮ್ಮ ಚಪ್ಪಲಿಯ ಮೇಲೇ ಬಿಟ್ಟು ಹೋಗಿರುತ್ತದೆ. ಅದು ಗಡಿಗುರುತು, ಅವಮಾನವೆಂದು ತಿಳಿಯಬೇಕಿಲ್ಲ. ಬರಿಗೈಯಲ್ಲಿ ಮುಟ್ಟಬೇಡಿ, ಜಂತುಹುಳುವಿನ ಮೊಟ್ಟೆ ಇರಬಹುದು.

ಕಿವಿಯೂ ಕ್ಯಾಮೆರಾದಷ್ಟೇ ಕೆಲಸ ಮಾಡುತ್ತದೆ. ಹಗಲು ನರಿ ಹಿತ್ತಲಿಗೆ ಕಾಲಿಟ್ಟರೆ ಕಾಗೆಯ ಬಳಗದ ಮ್ಯಾಗ್‌ಪೈಗಳು ಬೆಂಕಿಪೊಟ್ಟಣ ಅಲ್ಲಾಡಿಸಿದಂತೆ ಗಡಗಡ ಸದ್ದು ಮಾಡುತ್ತ ಮೇಲಿನ ಕೊಂಬೆಗಳಲ್ಲಿ ಅದರ ಜೊತೆಗೇ ಸಾಗುತ್ತವೆ. ಆ ಸದ್ದು ಚಲಿಸುವ ದಿಕ್ಕೇ ನರಿಯ ದಾರಿ. ರೆನ್ ಎಂಬ ಪುಟ್ಟ ಹಕ್ಕಿ ಪೊದೆಯೊಳಗಿಂದ ಟಿಕ್-ಟಿಕ್ ಎಂದು ಬೈಯುತ್ತದೆ. ಬ್ಲ್ಯಾಕ್‌ಬರ್ಡ್ ಚಿಂಕ್-ಚಿಂಕ್ ಎನ್ನುತ್ತದೆ. ಆದರೆ ಅದು ದಿನಾ ಸಂಜೆ ಗೂಡು ಸೇರುವ ಹೊತ್ತಿಗೂ ಹಾಗೇ ಕೂಗುವುದರಿಂದ ಮುಸ್ಸಂಜೆಯ ಚಿಂಕ್-ಚಿಂಕ್ ಕೇಳಿ ಟಾರ್ಚ್ ಹಿಡಿದು ಓಡಬೇಕಿಲ್ಲ. ನಡುಮಧ್ಯಾಹ್ನ ಕೂಗಿದರೆ ಮಾತ್ರ ಎದ್ದು ನೋಡಿ.

ಮುಸ್ಸಂಜೆಗೆ ನೆಲ ಖಾಲಿ

ಇದೊಂದು ಕೆಲಸ ಸರಿಯಾಗಿ ಮಾಡಿದರೆ ಉಳಿದ ಮುಕ್ಕಾಲು ಪಾಲು ಬೇಕಾಗುವುದೇ ಇಲ್ಲ.

ಕಾಳಿನಿಂದ ಶುರು ಮಾಡಿ. ಅಗ್ಗದ ಮಿಶ್ರಣದಲ್ಲಿ ಗೋಧಿ, ಬಾರ್ಲಿ ಜಾಸ್ತಿ. ಚಿಕ್ಕ ಹಕ್ಕಿಗಳು ತಮಗೆ ಬೇಕಾದ ಸೂರ್ಯಕಾಂತಿ ಸಿಗುವವರೆಗೆ ಉಳಿದದ್ದನ್ನೆಲ್ಲ ಕೊಕ್ಕಿನಿಂದ ಆಚೀಚೆ ಎಸೆಯುತ್ತವೆ. ಎಸೆದದ್ದಕ್ಕೆ ಪಾರಿವಾಳ ಬರುತ್ತದೆ, ಪಾರಿವಾಳ ಬಿಟ್ಟದ್ದಕ್ಕೆ ಇಲಿ ಬರುತ್ತದೆ, ಪಾರಿವಾಳ-ಇಲಿ ಎರಡಕ್ಕೂ ನರಿ ಬರುತ್ತದೆ. ಸಿಪ್ಪೆ ತೆಗೆದ ಸೂರ್ಯಕಾಂತಿ ತಿರುಳು ದುಬಾರಿ ಅನ್ನಿಸಿದರೂ ಕೆಳಗೆ ಬೀಳುವುದು ಕಡಿಮೆ, ಬಿದ್ದದ್ದನ್ನೂ ರಾಬಿನ್, ಡನ್ನಕ್ ಹೆಕ್ಕಿ ಮುಗಿಸುತ್ತವೆ. ಕಡಲೆಬೀಜವಾದರೆ ಉಪ್ಪು ಹಾಕದ, ಹುರಿಯದ, ಹಕ್ಕಿಗಳಿಗೆಂದೇ ಪರೀಕ್ಷಿಸಿ ಮಾರುವುದನ್ನು ತಂದು ಉಕ್ಕಿನ ಜಾಲರಿಯ ಕೊಳವೆಯಲ್ಲಿ ಮಾತ್ರ ಹಾಕಿ. ಬೂಷ್ಟು ಹಿಡಿದ ಬೀಜದ ವಿಷ ಹಕ್ಕಿಯನ್ನು ಕೊಲ್ಲುತ್ತದೆ. ಇಡೀ ಬೀಜ ನೆಲದ ಮೇಲೆ ಬಿಟ್ಟರೆ ನರಿಗೆ ಹಬ್ಬ.

ಎತ್ತರ: ಫೀಡರ್‌ನ ತಳ ನೆಲದಿಂದ ಕನಿಷ್ಠ 1.8 ಮೀಟರ್ ಇರಲಿ. ಹಿಂಗಾಲ ಮೇಲೆ ನಿಂತರೆ ನರಿಯ ಮೂತಿ ಒಂದು ಮೀಟರಿಗೂ ಮೇಲೆ ಸಿಗುತ್ತದೆ, ಹಾರಿದರೆ ಇನ್ನೂ ಮೇಲೆ. ಹತ್ತಿರ ಬೆಂಚು, ಕಸದ ಡಬ್ಬಿ, ಬಾರ್ಬೆಕ್ಯೂ ಇದ್ದರೆ ನಿಮ್ಮ ಅಳತೆ ಆ ಬೆಂಚಿನ ಮೇಲಿಂದ ಶುರುವಾಗುತ್ತದೆ. ಬಹಳ ಜನ ಎಡವುವುದು ಇಲ್ಲೇ. ಕೊಬ್ಬಿನ ಉಂಡೆಯನ್ನು ಪ್ಲಾಸ್ಟಿಕ್ ಬಲೆಯ ಸಮೇತ ನೇತುಹಾಕಬೇಡಿ. ನರಿ ಬಲೆಯನ್ನೂ ಸೇರಿಸಿ ನುಂಗುತ್ತದೆ, ಹಕ್ಕಿಯ ಉಗುರು ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ಬಲೆ ಕತ್ತರಿಸಿ ಎಸೆದು ಉಂಡೆಯನ್ನು ತಂತಿಯ ಫೀಡರ್‌ಗೆ ಹಾಕಿ.

ಜಾಗ: ಪೊದೆಯಿಂದ ಎರಡು ಮೀಟರ್ ದೂರ. ಇದಕ್ಕಿಂತ ಹತ್ತಿರವಾದರೆ ಬೆಕ್ಕೋ ನರಿಯೋ ಪೊದೆಯಡಿ ಅಡಗಿ ಹಾರಬಹುದು. ಬಹಳ ದೂರವಾದರೆ ಗಿಡುಗ ಎರಗಿದಾಗ ಹಕ್ಕಿಗೆ ಓಡಿ ಸೇರಲು ಮರೆ ಇರುವುದಿಲ್ಲ. ಫೀಡರ್ ಕೆಳಗೆ ಹುಲ್ಲಿದ್ದರೆ ಬಿದ್ದ ಕಾಳನ್ನು ಗುಡಿಸಲು ಸಾಧ್ಯವೇ ಇಲ್ಲ. 60 ಸೆಂ.ಮೀ. ಚದರದ ನಾಲ್ಕು ಕಲ್ಲುಚಪ್ಪಡಿಗಳನ್ನು ಸೇರಿಸಿ 1.2 ಮೀಟರ್ ಚದರದ ಕಟ್ಟೆ ಹಾಸಿಬಿಡಿ. ಸಂಜೆ ಪೊರಕೆಯಲ್ಲಿ ಎರಡು ನಿಮಿಷದ ಕೆಲಸ.

ಪ್ರಮಾಣ: ನೆಲದಲ್ಲಿ ತಿನ್ನುವ ಹಕ್ಕಿಗಳಿಗೆ ಒಂದು ಮುಷ್ಟಿ, ಅಂದರೆ 40–50 ಗ್ರಾಂ ಸಾಕು, ಬೆಳಗ್ಗೆಯೇ ಹಾಕಿ. ಕತ್ತಲಾಗಲು ಒಂದು ಗಂಟೆ ಇದೆ ಅನ್ನುವಾಗ ಉಳಿದಿದ್ದರೆ ನಾಳೆ ಅರ್ಧ ಮಾಡಿ. ಮಧ್ಯಾಹ್ನಕ್ಕೇ ಮುಗಿದರೆ ಅಷ್ಟೇ ಇನ್ನೊಮ್ಮೆ ಹಾಕಿ. ಊರಿನಲ್ಲಿ ವರ್ಷವಿಡೀ ಆರೂವರೆಗೆ ಸಂಜೆ ಎಂದು ರೂಢಿಯಾದವರಿಗೆ ಇಲ್ಲಿ ಲೆಕ್ಕ ತಪ್ಪುತ್ತದೆ. ಡಿಸೆಂಬರಿನಲ್ಲಿ ಲಂಡನ್ನಿನಲ್ಲಿ ನಾಲ್ಕಕ್ಕೆಲ್ಲ ಕತ್ತಲು, ಆದ್ದರಿಂದ ಮೂರಕ್ಕೆ ಪೊರಕೆ ಹಿಡಿಯಬೇಕು. ಕೆಲಸಕ್ಕೆ ಹೋಗುವವರು ಚಳಿಗಾಲದ ವಾರದ ದಿನಗಳಲ್ಲಿ ನೆಲಕ್ಕೆ ಹಾಕದೆ ಬರೀ ತೂಗುವ ಫೀಡರ್ ಇಟ್ಟುಕೊಳ್ಳುವುದೇ ಜಾಣತನ. ಜೂನ್‌ನಲ್ಲಿ ಸೂರ್ಯ ಮುಳುಗುವುದು ಒಂಬತ್ತರ ಮೇಲೆ, ಅಷ್ಟು ಹೊತ್ತಿಗೆ ಮರಿಗಳಿರುವ ನರಿ ಬೆಳಕಿನಲ್ಲೇ ಬಂದಿರುತ್ತದೆ.

ನೆಲದಲ್ಲೇ ತಿನ್ನಿಸಬೇಕು ಅನ್ನುವವರು ತಂತಿಯ ಬುಟ್ಟಿ ಬೋರಲು ಹಾಕಬಹುದು. ಜಾಲರಿಯ ಕಣ್ಣು 5 ಸೆಂ.ಮೀ. ಇದ್ದರೆ ಗುಬ್ಬಚ್ಚಿ, ರಾಬಿನ್, ಡನ್ನಕ್ ಸಲೀಸಾಗಿ ನುಗ್ಗುತ್ತವೆ; ಬ್ಲ್ಯಾಕ್‌ಬರ್ಡ್ ಬರಬೇಕೆಂದರೆ 7–7.5 ಸೆಂ.ಮೀ. ಬೇಕು. ಎರಡರಲ್ಲೂ ನರಿಯ ತಲೆ ತೂರುವುದಿಲ್ಲ, ಮೂತಿ ತೂರುತ್ತದೆ, ಮುಂಗಾಲೂ ತೂರುತ್ತದೆ. ಆದ್ದರಿಂದ ಕಾಳಿನ ತಟ್ಟೆ ಜಾಲರಿಯ ಅಂಚಿನಿಂದ 25 ಸೆಂ.ಮೀ. ಒಳಗಿರಬೇಕು, ಬುಟ್ಟಿಯನ್ನು ನಾಲ್ಕೂ ಮೂಲೆಗೆ ಗೂಟ ಹೊಡೆದು ನೆಲಕ್ಕೆ ಬಿಗಿಯಬೇಕು. ಗೂಟ ಹೊಡೆಯದ ಬುಟ್ಟಿ ಒಂದೇ ರಾತ್ರಿಗೆ ಮಗುಚಿರುತ್ತದೆ.

ಕಾಳು ಬೀಳದಿರಲಿ ಎಂದು ಫೀಡರ್ ಕೆಳಗೆ ತಟ್ಟೆ ಕಟ್ಟುವ ಉಪಾಯ ಜನಪ್ರಿಯ. ಅದಕ್ಕೊಂದು ಕೆಡುಕಿದೆ. ತಟ್ಟೆಯಲ್ಲಿ ಕಾಳು, ಎಂಜಲು, ಹಿಕ್ಕೆ ಕಲೆಸಿಹೋಗುತ್ತವೆ. 2005ರಿಂದ ಬ್ರಿಟನ್ನಿನ ಗ್ರೀನ್‌ಫಿಂಚ್‌ಗಳನ್ನು ಕೊಂದು ತೆಗೆದ ಟ್ರೈಕೊಮೊನೋಸಿಸ್ ರೋಗ ಹರಡುವುದು ಹೀಗೆ ಎಂಜಲಾದ ಕಾಳು-ನೀರಿನಿಂದ. ಹಕ್ಕಿಗಳ ರಕ್ಷಣೆಯ ಸಂಸ್ಥೆ ಆರ್‌ಎಸ್‌ಪಿಬಿ 2025ರಲ್ಲಿ ಚಪ್ಪಟೆ ತಟ್ಟೆಯ ಫೀಡರ್‌ಗಳ ಮಾರಾಟ ನಿಲ್ಲಿಸಿದ್ದಕ್ಕೂ ಈ ಬಗೆಯ ರೋಗದ ಭಯವೇ ಕಾರಣ. ತಟ್ಟೆಗಿಂತ ಕಲ್ಲಿನ ಕಟ್ಟೆ, ಪೊರಕೆ ವಾಸಿ. ಫೀಡರನ್ನು ವಾರಕ್ಕೊಮ್ಮೆ ಬಿಚ್ಚಿ ತೊಳೆದು ಪೂರ್ತಿ ಒಣಗಿಸಿ. ಮೈ ಉಬ್ಬಿಸಿಕೊಂಡು, ನುಂಗಲಾಗದೆ, ಕೊಕ್ಕಿನ ಸುತ್ತ ತೇವವಾಗಿರುವ ಫಿಂಚ್ ಕಂಡರೆ ಕಾಳು ಹಾಕುವುದನ್ನು ಎರಡು ವಾರವಾದರೂ ನಿಲ್ಲಿಸಿ, ನೀರಿನ ಬಟ್ಟಲನ್ನೂ ಖಾಲಿ ಮಾಡಿ. ಕುಗ್ಗಿ ಕೂತ ಹಕ್ಕಿಯೇ ನರಿಗೂ ಬೆಕ್ಕಿಗೂ ಮೊದಲು ಸಿಗುವುದು.

ಅನ್ನ, ಚಪಾತಿ, ಪಿತೃಪಕ್ಷದ ಎಡೆ

ಉಪ್ಪಿಲ್ಲದ ಬರೀ ಅನ್ನವನ್ನು ಹಕ್ಕಿಗಳು ತಿನ್ನುತ್ತವೆ, ಗಡ್ಡೆಗಟ್ಟುವ ಚಳಿಯಲ್ಲಿ ಅದರಿಂದ ಅವಕ್ಕೆ ಉಪಕಾರವೇ. ಚಿತ್ರಾನ್ನ, ಪುಳಿಯೋಗರೆ, ನಿನ್ನೆಯ ಬಿಸಿಬೇಳೆಬಾತ್ ಬೇಡ. ಉಪ್ಪು ಹಕ್ಕಿಗೆ ವಿಷದಂತೆ, ಎಣ್ಣೆ ಪುಕ್ಕಕ್ಕೆ ಅಂಟುತ್ತದೆ, ಒಗ್ಗರಣೆಯ ವಾಸನೆ ಬೀದಿಯ ನರಿಯನ್ನೆಲ್ಲ ಕರೆಯುತ್ತದೆ. ಚಪಾತಿ, ಬ್ರೆಡ್‌ನಲ್ಲಿ ಹಕ್ಕಿಗೆ ಸತ್ವವಿಲ್ಲ. ನರಿ ಮಾತ್ರ ಇಡೀ ಚಪಾತಿ ಕಚ್ಚಿಕೊಂಡು ಹೋಗಿ ಪಕ್ಕದ ಮನೆಯ ಹೂವಿನ ಮಡಿಯಲ್ಲಿ ಹೂತಿಡುತ್ತದೆ. ಆಮೇಲೆ ಬೇಲಿಯಾಚೆಯವರ ಮುಖ ನೋಡುವುದು ಕಷ್ಟ. ಬ್ಲ್ಯಾಕ್‌ಬರ್ಡ್‌ಗೆ ಇಷ್ಟವೆಂದು ದ್ರಾಕ್ಷಿ ಹಾಕುವವರು ನೆನಪಿಡಿ, ಒಣದ್ರಾಕ್ಷಿ ನಾಯಿಗಳ ಮೂತ್ರಪಿಂಡಕ್ಕೆ ಮಾರಕ. ನೆಲಕ್ಕೆ ಹಾಕದಿರುವುದೇ ಕ್ಷೇಮ. ಸೇಬಿನ ಹೋಳು ಸಾಕು.

ಪಿತೃಪಕ್ಷದಲ್ಲಿ ಕಾಗೆಗೆ ಎಡೆ ಇಡುವ ಮನೆಗಳಲ್ಲಿ ಪ್ರತಿವರ್ಷ ಅದೇ ಗೋಳು: ಕಾಗೆ ಬರಲಿಲ್ಲ, ಬೆಳಗ್ಗೆ ನೋಡಿದರೆ ಎಲೆ ಖಾಲಿ. ಇಲ್ಲಿನ ಕ್ಯಾರಿಯನ್ ಕ್ರೋ ನಮ್ಮ ಊರ ಕಾಗೆಯ ಹಾಗೆ ಕಿಟಕಿಗೆ ಬಂದು ಕೂಗುವ ಜಾತಿಯಲ್ಲ, ಹೊಸ ವಸ್ತುವನ್ನು ದೂರದಿಂದಲೇ ಅನುಮಾನದಿಂದ ನೋಡುತ್ತದೆ. ಅದು ಮನಸ್ಸು ಮಾಡುವಷ್ಟರಲ್ಲಿ ಕತ್ತಲಾಗಿ ನರಿ ಊಟ ಮುಗಿಸಿರುತ್ತದೆ. ಉಪಾಯ ಸರಳ. ಹತ್ತು ದಿನ ಮೊದಲಿಂದ ಎತ್ತರದ ಒಂದೇ ಜಾಗದಲ್ಲಿ, ಗೋಡೆಯ ಮೇಲೋ ಎತ್ತರದ ಕಂಬದ ಹಲಗೆಯ ಮೇಲೋ, ದಿನಾ ಬೆಳಗ್ಗೆ ಅದೇ ಹೊತ್ತಿಗೆ ಸಿಪ್ಪೆಸಮೇತ ನಾಲ್ಕು ಕಡಲೆಕಾಯಿ ಇಟ್ಟು ಒಳಗೆ ಬನ್ನಿ. ಮೂರ್ನಾಲ್ಕು ದಿನಕ್ಕೆ ಮ್ಯಾಗ್‌ಪೈ ಕಲಿಯುತ್ತದೆ, ಅದನ್ನು ನೋಡಿ ಕಾಗೆ ಕಲಿಯುತ್ತದೆ. ಶ್ರಾದ್ಧದ ದಿನ ಅದೇ ಜಾಗದಲ್ಲಿ ಒಂದು ಹಿಡಿ ಅನ್ನ, ಉಪ್ಪಿಲ್ಲದ್ದು. ಎರಡು ಗಂಟೆ ನೋಡಿ ಉಳಿದದ್ದನ್ನು ತೆಗೆದುಬಿಡಿ. ಆ ಹೊತ್ತಿಗೆ, ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ, ಆ ವರ್ಷದ ನರಿಮರಿಗಳು ಬೆಳೆದು ಸ್ವಂತ ನೆಲೆ ಹುಡುಕುತ್ತ ಅಲೆಯುತ್ತಿರುತ್ತವೆ. ಒಮ್ಮೆ ಊಟ ಸಿಕ್ಕ ಹಿತ್ತಲನ್ನು ಅವು ಮರೆಯುವುದಿಲ್ಲ.

ಗೂಡು, ನೆಲಕ್ಕಿಳಿದ ಮರಿ

ನರಿಯ ಮರಿಗಳು ಹುಟ್ಟುವುದು ಹೆಚ್ಚಾಗಿ ಮಾರ್ಚ್‌ನಲ್ಲಿ, ಒಂದು ಸೂಲಿಗೆ ನಾಲ್ಕೈದು. ಏಪ್ರಿಲ್ ಕೊನೆಗೆ ಬಿಲದಿಂದ ಹೊರಗೆ ಇಣುಕುತ್ತವೆ. ಬ್ಲ್ಯಾಕ್‌ಬರ್ಡ್‌ನ ಮೊದಲ ಮರಿಗಳು ಗೂಡಿನಿಂದ ಇಳಿಯುವುದೂ ಅದೇ ಸಮಯಕ್ಕೆ. ತಾಯಿನರಿಗೆ ಹಸಿವು ಹೆಚ್ಚಿರುವಾಗಲೇ ಹಾರಲು ಬಾರದ ಮರಿ ನೆಲದಲ್ಲಿ ಕುಪ್ಪಳಿಸುತ್ತಿರುತ್ತದೆ. ಹಕ್ಕಿಗಳು ನಿಜವಾಗಿ ಇಕ್ಕಟ್ಟಿಗೆ ಸಿಲುಕುವುದು ಏಪ್ರಿಲ್‌ನಿಂದ ಜುಲೈವರೆಗಿನ ಈ ದಿನಗಳಲ್ಲಿ.

ಬ್ಲ್ಯಾಕ್‌ಬರ್ಡ್, ರಾಬಿನ್, ರೆನ್, ಡನ್ನಕ್ ನಾಲ್ಕೂ ತಗ್ಗಿನಲ್ಲೇ ಗೂಡು ಕಟ್ಟುವವು. ಅವಕ್ಕೆ ಬೇಕಿರುವುದು ಮುಳ್ಳು, ದಟ್ಟಣೆ. ಹಾಥಾರ್ನ್, ಪೈರಕಾಂತ, ಹಾಲಿ ಗಿಡಗಳನ್ನು 45 ಸೆಂ.ಮೀ. ಅಂತರದಲ್ಲಿ ಎರಡು ಸಾಲು ನೆಟ್ಟರೆ ಮೂರ್ನಾಲ್ಕು ವರ್ಷಕ್ಕೆ ನರಿ ಮೂತಿ ಹಾಕಲಾಗದ ಬೇಲಿ ಸಿದ್ಧ. ಈಗಿರುವ ಬೇಲಿಯ ಬುಡವನ್ನು ಅಂದಕ್ಕೆಂದು ಬೋಳಿಸಬೇಡಿ. ಮಾರ್ಚ್‌ನಿಂದ ಆಗಸ್ಟ್‌ವರೆಗೆ ಬೇಲಿಗೆ ಕತ್ತರಿ ಹಾಕಬೇಡಿ. 1981ರ ವನ್ಯಜೀವಿ ಮತ್ತು ಗ್ರಾಮಾಂತರ ಕಾಯ್ದೆಯ ಪ್ರಕಾರ ಬಳಕೆಯಲ್ಲಿರುವ ಅಥವಾ ಕಟ್ಟುತ್ತಿರುವ ಗೂಡನ್ನು ಬೇಕೆಂದೇ ಹಾಳು ಮಾಡುವುದು ಅಪರಾಧ. ಕಾನೂನು ಬಿಡಿ, ಕತ್ತರಿಸಿ ತೆರೆದ ಬೇಲಿ ಗೂಡಿನ ವಿಳಾಸವನ್ನು ಮ್ಯಾಗ್‌ಪೈಗೂ ನರಿಗೂ ಒಟ್ಟಿಗೆ ಕೊಟ್ಟಂತೆ.

ಗೂಡುಪೆಟ್ಟಿಗೆಯ ತೂತು ಬ್ಲೂ ಟಿಟ್‌ಗೆ 25 ಮಿ.ಮೀ., ಗ್ರೇಟ್ ಟಿಟ್‌ಗೆ 28, ಗುಬ್ಬಚ್ಚಿಗೆ 32. ಎರಡರಿಂದ ನಾಲ್ಕು ಮೀಟರ್ ಎತ್ತರ, ಮುಖ ಉತ್ತರ ಮತ್ತು ಪೂರ್ವದ ನಡುವೆ. ಕೆಳಗೆ ಶೆಡ್ಡಿನ ಮಾಡು ಬೇಡ, ನರಿ ಶೆಡ್ ಹತ್ತುವುದರಲ್ಲಿ ಬೆಕ್ಕಿಗೆ ಸರಿಸಮ. ರಾಬಿನ್‌ಗೆ ಮುಂಭಾಗ ತೆರೆದ ಪೆಟ್ಟಿಗೆ ತಗ್ಗಿನಲ್ಲಿ ಇಡಬೇಕಾಗುತ್ತದೆ, ಅದನ್ನು ಗೋಡೆಗೆ ಹಬ್ಬಿದ ದಟ್ಟ ಐವಿ ಬಳ್ಳಿಯೊಳಗೆ ಹುದುಗಿಸಿ.

ಮೈತುಂಬ ಪುಕ್ಕ ಬಂದ, ಬಾಲ ಮೋಟಾದ ಮರಿ ನೆಲದಲ್ಲಿ ಕೂತಿದ್ದರೆ ಅದು ಅನಾಥವಲ್ಲ. ಬ್ಲ್ಯಾಕ್‌ಬರ್ಡ್ ಮರಿ ಹದಿಮೂರು-ಹದಿನಾಲ್ಕು ದಿನಕ್ಕೆ, ಸರಿಯಾಗಿ ಹಾರಲು ಕಲಿಯುವ ಮೊದಲೇ ಗೂಡು ಬಿಡುತ್ತದೆ. ಹಾಗಿರುವುದರಲ್ಲೇ ಅದರ ಜೀವ ಉಳಿಯುವ ದಾರಿಯೂ ಇದೆ: ಗೂಡೊಂದು ನರಿಗೋ ಮ್ಯಾಗ್‌ಪೈಗೋ ಸಿಕ್ಕರೆ ಎಲ್ಲವೂ ಹೋಗುತ್ತವೆ, ಚದುರಿ ಕೂತರೆ ಒಂದೆರಡಾದರೂ ಉಳಿಯುತ್ತವೆ. ಮನೆಯೊಳಗೆ ತರಬೇಡಿ. ಎತ್ತಿ ಐದಾರು ಮೀಟರ್ ಒಳಗಿನ ಮುಳ್ಳುಪೊದೆಯ ಕೊಂಬೆಯ ಮೇಲೆ ಕೂರಿಸಿ ದೂರ ಸರಿಯಿರಿ. ಮನುಷ್ಯರು ಮುಟ್ಟಿದರೆ ತಾಯಿ ಬಿಟ್ಟುಬಿಡುತ್ತದೆ ಅನ್ನುವುದು ಸುಳ್ಳು. ಸಾಕುಬೆಕ್ಕಿದ್ದರೆ ಆ ವಾರ ಅದನ್ನು ಒಳಗೆ ಕೂಡಿಹಾಕಿ. ಪೊದೆಯಡಿ ಬಿದ್ದ ರೆಂಬೆಗಳನ್ನು ಅಡ್ಡಾದಿಡ್ಡಿ ಒಟ್ಟಿಟ್ಟರೆ ಮರಿ ನುಸುಳಬಲ್ಲ, ನರಿ ನುಸುಳಲಾಗದ ಸಂದಿ ಸಿಗುತ್ತದೆ.

ಬೆಳಗ್ಗೆ ಪುಕ್ಕದ ರಾಶಿ ಕಂಡರೆ

ಹುಲ್ಲಿನ ಮೇಲೆ ಬೂದುಬಣ್ಣದ ಪುಕ್ಕ ಹರಡಿದೆ, ಅಪವಾದ ನೇರ ನರಿಯ ತಲೆಗೆ. ಒಂದು ದೊಡ್ಡ ರೆಕ್ಕೆಗರಿ ಎತ್ತಿಕೊಂಡು ಬುಡ ನೋಡಿ. ದಂಟಿನ ತುದಿ ಇಡಿಯಾಗಿ, ಚೂಪಾಗಿ, ಚರ್ಮದಿಂದ ಕಿತ್ತ ಹಾಗೆ ಇದ್ದರೆ ಅದು ಗಿಡುಗನ ಕೆಲಸ. ಸ್ಪ್ಯಾರೋಹಾಕ್ ಒಂದೊಂದೇ ಗರಿ ಕೀಳುತ್ತದೆ, ಕೆಲವೊಮ್ಮೆ ದಂಟಿನ ಮೇಲೆ ಕೊಕ್ಕು ಅಮುಕಿದ ಗುರುತು ಉಳಿದಿರುತ್ತದೆ, ಗರಿಗಳು ಒಂದು ವೃತ್ತವಾಗಿ ಬಿದ್ದಿರುತ್ತವೆ, ಎದೆಮಾಂಸ ತಿಂದ ಅಸ್ಥಿಪಂಜರ ಹಲವು ಬಾರಿ ಅಲ್ಲೇ ಇರುತ್ತದೆ. ನರಿಗೆ ಅಷ್ಟು ತಾಳ್ಮೆ ಇಲ್ಲ. ಅದು ದವಡೆಯಲ್ಲಿ ಕತ್ತರಿಸುತ್ತದೆ. ದಂಟುಗಳು ಬುಡಕ್ಕಿಂತ ಮೇಲೆ ತುಂಡಾಗಿರುತ್ತವೆ, ನಾಲ್ಕಾರು ಗರಿ ಜೊಲ್ಲಿಗೆ ಅಂಟಿ ಕುಚ್ಚಾಗಿರುತ್ತವೆ, ದೇಹವನ್ನು ಹೊತ್ತೊಯ್ದಿರುತ್ತದೆ. ಬೆಕ್ಕು ಹಿಡಿದದ್ದಾದರೆ ಹಕ್ಕಿ ಹೆಚ್ಚುಕಡಿಮೆ ಇಡಿಯಾಗಿ, ಅಲ್ಲಲ್ಲಿ ಜಗಿದಂತೆ ಬಿದ್ದಿರುತ್ತದೆ.

ಎರಡೂ ಗುರುತು ಒಟ್ಟಿಗೆ ಸಿಗುವುದು ಅಪರೂಪವಲ್ಲ. ಮಧ್ಯಾಹ್ನ ಗಿಡುಗ ಪಾರಿವಾಳ ಹಿಡಿದು ಅರ್ಧ ತಿಂದು ಬಿಟ್ಟಿತು, ರಾತ್ರಿ ನರಿ ಬಂದು ಉಳಿದದ್ದನ್ನು ಎತ್ತಿಕೊಂಡು ಹೋಯಿತು. ಕ್ಯಾಮೆರಾದಲ್ಲಿ ಸಿಕ್ಕಿಬಿದ್ದದ್ದು ಎರಡನೆಯದು ಮಾತ್ರ.

ನಿಜಕ್ಕೂ ನರಿಯೇ ಪಾರಿವಾಳ ಹಿಡಿಯುತ್ತಿದ್ದರೆ ಪಾರಿವಾಳ ನೆಲದಲ್ಲಿ ಗುಂಪುಗೂಡುವುದನ್ನು ನಿಲ್ಲಿಸಬೇಕು, ಅಂದರೆ ಮತ್ತೆ ಕಾಳಿನ ಲೆಕ್ಕಕ್ಕೇ ಬರಬೇಕು. ಹತ್ತು ದಿನ ನೆಲಕ್ಕೆ ಏನೂ ಹಾಕದೆ ನೋಡಿ.

ಅಗೆದ ಹುಲ್ಲು, ಹೂತ ಮೊಟ್ಟೆ

ಹುಲ್ಲುಹಾಸಿನಲ್ಲಿ ಅಂಗೈಯಗಲದ ಗುಂಡಿ ಬಿದ್ದಿದ್ದರೆ ನರಿ ಹುಡುಕಿದ್ದು ಚೇಫರ್ ದುಂಬಿಯ ಬಿಳಿ ಹುಳುವನ್ನೋ ಕ್ರೇನ್ ಫ್ಲೈ ಎಂಬ ಉದ್ದಗಾಲಿನ ನೊಣದ ಮರಿಹುಳುವಾದ ಲೆದರ್‌ಜಾಕೆಟ್ ಅನ್ನೋ. ಕಾಗೆ, ಮ್ಯಾಗ್‌ಪೈ, ಸ್ಟಾರ್ಲಿಂಗ್ ಕೂಡ ಅದೇ ಹುಳುವಿಗೆ ಹುಲ್ಲು ಕೀಳುತ್ತವೆ. ರಾತ್ರಿ ನರಿ ಅಗೆದ ಮಣ್ಣಿನಲ್ಲಿ ಬೆಳಗ್ಗೆ ರಾಬಿನ್ ಓಡಾಡಿಕೊಂಡಿರುತ್ತದೆ, ನೀವು ಗುದ್ದಲಿ ಹಿಡಿದಾಗ ಬರುವಂತೆಯೇ. ಮೂಲ ಹುಳು. ಚೇಫರ್‌ಗೆ ಆಗಸ್ಟ್-ಸೆಪ್ಟೆಂಬರ್, ಲೆದರ್‌ಜಾಕೆಟ್‌ಗೆ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಅದಕ್ಕೆಂದೇ ಸಿಗುವ, ಈ ಹುಳುಗಳನ್ನು ಕೊಲ್ಲುವ ಸೂಕ್ಷ್ಮ ಹುಳುಗಳಾದ ನೆಮಟೋಡ್‌ಗಳನ್ನು ನೀರಿನಲ್ಲಿ ಕಲಸಿ ಹಾಕಿ. ಮಣ್ಣು ಮೊದಲೇ ನೆನೆದಿರಬೇಕು, 12 ಡಿಗ್ರಿಗಿಂತ ತಣ್ಣಗಿರಬಾರದು, ಆಮೇಲೂ ಎರಡು ವಾರ ಒಣಗಲು ಬಿಡಬಾರದು. ಒಣ ನೆಲಕ್ಕೆ ಹಾಕಿ, ಫಲ ಕಾಣದೆ, ಪೊಟ್ಟಣಕ್ಕೆ ಬೈಯುವವರೇ ಹೆಚ್ಚು.

ಹೊಸದಾಗಿ ನೆಟ್ಟ ಗಿಡವನ್ನೇ ಕಿತ್ತಿದ್ದರೆ ಗೊಬ್ಬರ ನೋಡಿ. ಎಲುಬಿನ ಪುಡಿ, ರಕ್ತ-ಮೀನು-ಎಲುಬಿನ ಮಿಶ್ರಣ, ಕೋಳಿಗೊಬ್ಬರದ ಗುಳಿಗೆ, ಇವು ನರಿಯ ಮೂಗಿಗೆ ಕೆಳಗೆಲ್ಲೋ ಹೆಣವಿದೆ ಎಂದು ಹೇಳುತ್ತವೆ. ಕಡಲಕಳೆಯ ಗೊಬ್ಬರ, ಎಲೆಗೊಬ್ಬರಕ್ಕೆ ಬದಲಾಯಿಸಿ.

ಕುಂಡದಲ್ಲಿ ಕೈಹಾಕಿದಾಗ ಇಡೀ ಕೋಳಿಮೊಟ್ಟೆ ಸಿಕ್ಕರೆ ಗಾಬರಿಯಾಗಬೇಡಿ. ನರಿ ಹೆಚ್ಚಾದ ಊಟವನ್ನು ಒಂದೊಂದಾಗಿ ಬೇರೆಬೇರೆ ಕಡೆ ಹೂತಿಡುತ್ತದೆ, ಸಡಿಲ ಮಣ್ಣಿನ ಕುಂಡ ಅದಕ್ಕೆ ಹೇಳಿ ಮಾಡಿಸಿದ ಜಾಗ. ಮಣ್ಣು ಒರೆಸಿ ನೋಡಿ: ಚಿಪ್ಪಿನ ಮೇಲೆ ಕೆಂಪು ಸಿಂಹದ ಮುದ್ರೆಯಿದ್ದರೆ ಅದು ಅಂಗಡಿಯ ಮೊಟ್ಟೆ, ಅಕ್ಕಪಕ್ಕದವರು ಯಾರೋ ನರಿಗೆ ಊಟ ಹಾಕುತ್ತಿದ್ದಾರೆ. ಹೂಳುವುದನ್ನು ಮೇಲಿಂದ ನೋಡಿದ ಮ್ಯಾಗ್‌ಪೈ, ಕಾಗೆ ನರಿ ಬೆನ್ನು ತಿರುಗಿಸಿದೊಡನೆ ಇಳಿದು ಕೆದಕುವುದೂ ಉಂಟು. ಕುಂಡದ ಮೇಲೆ ದಪ್ಪ ಜಲ್ಲಿ ಅಥವಾ ಗಿಡದ ಸುತ್ತ ಕತ್ತರಿಸಿದ ತಂತಿಜಾಲರಿ ಹಾಸಿದರೆ ಬೇರೆ ಕುಂಡ ಹುಡುಕಿಕೊಳ್ಳುತ್ತದೆ.

ಶೆಡ್ಡಿನ ಕೆಳಗೆ ಮನೆ ಮಾಡಿದರೆ

ಮಾರ್ಚ್‌ನಿಂದ ಜೂನ್‌ವರೆಗೆ ಬಿಲ ಮುಚ್ಚಬೇಡಿ. ಒಳಗೆ ಮರಿಗಳಿದ್ದು ಉಸಿರುಕಟ್ಟಿದರೆ ಅದು ಪಾಪ ಮಾತ್ರವಲ್ಲ, 1996ರ ಕಾಡು ಸಸ್ತನಿಗಳ ರಕ್ಷಣಾ ಕಾಯ್ದೆಯಡಿ ಅಪರಾಧವೂ ಆಗಬಹುದು. ಬೇಸಿಗೆಯಲ್ಲಿ ಅವು ತಾವಾಗಿ ಖಾಲಿ ಮಾಡುತ್ತವೆ. ಆಮೇಲೆ ಬಾಯಿಗೆ ಕಾಗದ, ಒಣ ಎಲೆ, ಕಡ್ಡಿ ಸಡಿಲವಾಗಿ ತುಂಬಿ ಒಂದು ವಾರ ನೋಡಿ. ಕದಲದಿದ್ದರೆ ಖಾಲಿ. ಆಗ ಶೆಡ್ಡಿನ ಸುತ್ತ 30 ಸೆಂ.ಮೀ. ಆಳದ ಕಾಲುವೆ ತೆಗೆದು, 25 ಮಿ.ಮೀ. ಕಣ್ಣಿನ ಬೆಸೆದ ಉಕ್ಕಿನ ಜಾಲರಿ ಇಳಿಸಿ, ತಳದಲ್ಲಿ 30 ಸೆಂ.ಮೀ. ಹೊರಕ್ಕೆ ಬಾಗಿಸಿ ಮಣ್ಣು ಮುಚ್ಚಿ. ಹೊರಕ್ಕೆ ಏಕೆಂದರೆ ನರಿ ಅಗೆಯುವುದು ಗೋಡೆಯ ಬುಡದಲ್ಲೇ. ಅಲ್ಲಿ ಜಾಲರಿ ಸಿಕ್ಕರೆ ಒಂದಡಿ ಹಿಂದೆ ಸರಿದು ಅಗೆಯುವ ಬುದ್ಧಿ ಅದಕ್ಕೆ ಸುಲಭಕ್ಕೆ ಹೊಳೆಯುವುದಿಲ್ಲ. ತೆಳ್ಳನೆಯ ಕೋಳಿಜಾಲರಿ ಬೇಡ, ಕಚ್ಚಿ ಹರಿಯುತ್ತದೆ. ಬಿಲ ದೊಡ್ಡದಿದ್ದು, ನೆಲ ತೋಡಿ ವಾಸಿಸುವ ಇನ್ನೊಂದು ಪ್ರಾಣಿಯಾದ ಬ್ಯಾಜರ್‌ನ ಸುಳಿವಿದ್ದರೆ ಏನೂ ಮಾಡುವ ಹಾಗಿಲ್ಲ, 1992ರಿಂದ ಅದಕ್ಕೆ ಪ್ರತ್ಯೇಕ ಕಾಯ್ದೆಯೇ ಇದೆ.

ಹಿಡಿದು ಕಾಡಿಗೆ ಬಿಟ್ಟುಬರುವ ಯೋಚನೆ ಕೈಬಿಡಿ. ಖಾಲಿಯಾದ ಜಾಗಕ್ಕೆ ಕೆಲವೇ ದಿನಗಳಲ್ಲಿ ಇನ್ನೊಂದು ನರಿ ಬರುತ್ತದೆ, ಬಿಟ್ಟುಬಂದದ್ದು ಗೊತ್ತಿಲ್ಲದ ಊರಲ್ಲಿ ಸಾಯುತ್ತದೆ.

ಓಡಿಸುವ ಸಾಧನಗಳು

ಚಲನೆ ಕಂಡರೆ ನೀರು ಚಿಮ್ಮುವ ಯಂತ್ರ ಕೆಲಸ ಮಾಡುತ್ತದೆ, ಆದರೆ ಬ್ಲ್ಯಾಕ್‌ಬರ್ಡ್ ಕಂಡರೂ ಚಿಮ್ಮುತ್ತದೆ. ರಾತ್ರಿ ಮಾತ್ರ ಚಾಲೂ ಮಾಡಿ, ವಾರಕ್ಕೊಮ್ಮೆ ಜಾಗ ಬದಲಿಸಿ. ಸಿಂಪಡಿಸುವ ಪುಡಿಗಳಲ್ಲಿ ಅಲ್ಯೂಮಿನಿಯಂ ಅಮೋನಿಯಂ ಸಲ್ಫೇಟ್ ಇರುವ, ಅನುಮತಿ ಪಡೆದ ಉತ್ಪನ್ನವನ್ನೇ ಕೊಳ್ಳಿ. ಮಳೆ ಬಂದರೆ ಮತ್ತೆ ಹಾಕಬೇಕು. ಡೀಸೆಲ್, ನುಸಿಗುಳಿಗೆ, ಖಾರದಪುಡಿ ಎಂದು ಸ್ವಂತ ಪ್ರಯೋಗ ಕಾನೂನಿಗೂ ವಿರುದ್ಧ, ಮುಳ್ಳುಹಂದಿಯಂಥ ಬಡಪಾಯಿ ಹೆಜ್‌ಹಾಗ್‌ಗೂ ಕಂಟಕ. ಇಲಿಪಾಷಾಣ ಇಟ್ಟರೆ ವಿಷ ತಿಂದ ಇಲಿಯ ಮೂಲಕ ನರಿಗೂ ಗೂಬೆಗೂ ಸೇರುತ್ತದೆ. ಮೆಟಾಲ್ಡಿಹೈಡ್ ಬಸವನಹುಳು ಗುಳಿಗೆ 2022ರ ಮಾರ್ಚ್ 31ರಿಂದ ಹೊರಾಂಗಣದಲ್ಲಿ ನಿಷಿದ್ಧ, ಶೆಡ್ಡಿನ ಮೂಲೆಯಲ್ಲಿ ಹಳೆ ಡಬ್ಬಿ ಉಳಿದಿದ್ದರೆ ಸ್ಥಳೀಯ ಆಡಳಿತದ ಕಸವಿಲೇವಾರಿ ಕೇಂದ್ರಕ್ಕೆ ಕೊಡಿ.

ನೀರಿಗೆ ಮಾತ್ರ ಜಗಳ ಬೇಡ. ಹಕ್ಕಿಗೆ ಕಂಬದ ಮೇಲೆ ಒಂದು ಬಟ್ಟಲು, ಮಧ್ಯೆ ಕಲ್ಲಿಟ್ಟು ಆಳ 2.5ರಿಂದ 10 ಸೆಂ.ಮೀ. ಇರುವಂತೆ, ನೆಲದಲ್ಲಿ ದೂರದ ಮೂಲೆಗೆ ಇನ್ನೊಂದು ಅಗಲ ಬಟ್ಟಲು. ಬೇಸಿಗೆಯ ರಾತ್ರಿ ನರಿ, ಹೆಜ್‌ಹಾಗ್ ಅಲ್ಲಿ ಕುಡಿದು ಹೋಗುತ್ತವೆ. ಎರಡನ್ನೂ ದಿನಾ ಚೆಲ್ಲಿ ಉಜ್ಜಿ ತುಂಬಿಸಿ.

ಸತ್ತ ಹಕ್ಕಿ, ಕೂದಲುದುರಿದ ನರಿ

ಸತ್ತ ಹಕ್ಕಿಯನ್ನು ಕತ್ತಲಾಗುವ ಮೊದಲು ತೆಗೆಯಿರಿ. ಬ್ರಿಟನ್ನಿನಲ್ಲಿ 2021ರ ನಂತರ ಹಕ್ಕಿಜ್ವರದ ಎಚ್5ಎನ್1 ವೈರಸ್ ನರಿಗಳಲ್ಲೂ ಪತ್ತೆಯಾಗಿದೆ, ಸೋಂಕಿನಿಂದ ಸತ್ತ ಹಕ್ಕಿಯನ್ನು ತಿಂದೇ ತಗುಲಿದ್ದೆಂದು ಭಾವಿಸಲಾಗಿದೆ. ಹಂಸ, ಬಾತು, ಕಡಲಹಕ್ಕಿ, ಗಿಡುಗ, ಗೂಬೆ ಸತ್ತುಬಿದ್ದಿದ್ದರೆ ಮುಟ್ಟದೆ ಮೊದಲು ಸರ್ಕಾರದ ಜಾಲತಾಣದಲ್ಲಿ ತಿಳಿಸಿ. ಚಿಕ್ಕ ಹಕ್ಕಿಯಾದರೆ ಪ್ಲಾಸ್ಟಿಕ್ ಚೀಲವನ್ನು ಕೈಗವಸಿನಂತೆ ತೊಟ್ಟು ಎತ್ತಿ, ಚೀಲ ಮಗುಚಿ ಗಂಟು ಹಾಕಿ, ಇನ್ನೊಂದು ಚೀಲದೊಳಗಿಟ್ಟು ಮುಚ್ಚಳವಿರುವ ಡಬ್ಬಿಗೆ ಹಾಕಿ. ಮಣ್ಣಲ್ಲಿ ಹೂತರೆ ನರಿ ಅಗೆಯುತ್ತದೆ. ಹಿತ್ತಲಲ್ಲಿ ಒಂದೇ ಒಂದು ಕೋಳಿ ಸಾಕಿದ್ದರೂ ಇಂಗ್ಲೆಂಡ್, ವೇಲ್ಸ್‌ನಲ್ಲಿ 2024ರ ಅಕ್ಟೋಬರ್ 1ರಿಂದ ನೋಂದಣಿ ಕಡ್ಡಾಯ.

ಬಾಲದ ಕೂದಲುದುರಿ, ಚರ್ಮ ಹಕ್ಕಳೆಗಟ್ಟಿ, ನಡುಹಗಲಲ್ಲೇ ಫೀಡರ್ ಕೆಳಗೆ ಕಾಳು ನೆಕ್ಕುತ್ತ ನಿಂತ ನರಿಗೆ ಮೇಂಜ್ ಎಂಬ ಕಜ್ಜಿ ಬಂದಿದೆ. ಬ್ರಿಸ್ಟಲ್ ನಗರದ ನರಿಗಳಲ್ಲಿ ನೂರಕ್ಕೆ 95ಕ್ಕೂ ಹೆಚ್ಚು 1990ರ ದಶಕದ ಮಧ್ಯಭಾಗದಲ್ಲಿ ಇದರಿಂದಲೇ ಸತ್ತವು. ಕನಿಕರದಿಂದ ಔಷಧಿ ಕಲೆಸಿದ ಊಟ ಇಡಬೇಡಿ, ಅದನ್ನು ತಿನ್ನುವುದು ಹೆಜ್‌ಹಾಗೋ ಪಕ್ಕದ ಮನೆಯ ನಾಯಿಯೋ ಆಗಿರಬಹುದು. ಚಿತ್ರ ತೆಗೆದು, ಬರುವ ಹೊತ್ತು ಬರೆದಿಟ್ಟು ಹತ್ತಿರದ ವನ್ಯಜೀವಿ ರಕ್ಷಣಾ ಸಂಸ್ಥೆಗೆ ಫೋನ್ ಮಾಡಿ. ಅವರು ಮೊದಲು ಕೇಳುವುದೇ ಅದು ದಿನಾ ಎಷ್ಟು ಗಂಟೆಗೆ ಬರುತ್ತದೆ ಎಂದು.